ಕಲ್ಲು, ಕಾಲು ಮತ್ತು ಇಂಗ್ಲಿಷ್ ಸ್ಪೆಲಿಂಗ್

ಒಂಬತ್ತನೇ ತರಗತಿಯ ಹುಡುಗನೊಬ್ಬ ರಜೆ ಅರ್ಜಿಯ ಕೊನೆಯಲ್ಲಿ ತಂದೆಯ ಸೈನ್ ಎಂದು ಇಂಗ್ಲಿಷಿನಲ್ಲಿ ಬರೆಯಲು ಹೋಗಿ ಎಸ್-ಐ-ಎನ್-ಇ ಎಂದು ಬರೆದಿದ್ದ. ಎಸ್-ಐ-ಜಿ-ಎನ್ ಎಂದು ತಿದ್ದಿಕೊಟ್ಟೆ. “ಮೇಡಂ, ಆ ಜಿ ಯಾಕೆ ಬೇಕು? ಯಾರೂ ಅದನ್ನು ಹೇಳುವುದೇ ಇಲ್ಲವಲ್ಲ” ಎಂದ. ಹತ್ತು ಸಲ ಬರೆದುಕೊಂಡು ಬಾ ಎನ್ನುವುದು ಅಲ್ಲಿಯವರೆಗಿನ ನನ್ನ ರೂಢಿ. ಅಂದು ಹಾಗೆ ಹೇಳಲಿಲ್ಲ. ಬೋರ್ಡಿನ ಮೇಲೆ ಆ ಪದದ ಕೆಳಗೆ ಸಿಗ್ನಲ್, ಸಿಗ್ನೇಚರ್ ಎಂದು ಬರೆದು ಎಲ್ಲರಿಂದಲೂ ಗಟ್ಟಿಯಾಗಿ ಓದಿಸಿದೆ. “ಮನೆಯವರೆಲ್ಲ ಜಿ ಹೇಳುತ್ತಾರೆ, ಇವನೊಬ್ಬ ನುಂಗುತ್ತಾನೆ” ಎಂದಳು ಮುಂದಿನ ಬೆಂಚಿನ ಹುಡುಗಿ. ಅಂದಿನಿಂದ ನಾನು ಸ್ಪೆಲಿಂಗ್ ಬಾಯಿಪಾಠ ಮಾಡಿಸಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದುವ ಹದಿಮೂರು–ಹದಿನಾರರ ಮಕ್ಕಳಿಗೆ ಕಲಿಸುವವರು ಇಲ್ಲಿಂದಲೇ ಶುರು ಮಾಡಬಹುದು. ಕೇಳಿಸದ ಅಕ್ಷರ ಎದುರಾದಾಗ ಅದರ ಬಂಧುಗಳನ್ನು ಹುಡುಕಿಸಿ. ಬಾಂಬ್ ಪದದ ಕೊನೆಯ ಬಿ ಬಂಬಾರ್ಡ್ ಎನ್ನುವಾಗ ಬಾಯಿಗೆ ಬರುತ್ತದೆ. ಎರಡು ಎಂಬರ್ಥದ ಟೂ ಪದದಲ್ಲಿ ಡಬ್ಲ್ಯೂ ಏಕಿದೆ ಎಂದು ಕೇಳಿದರೆ ಟ್ವೈಸ್, ಟ್ವೆಲ್ವ್, ಟ್ವೆಂಟಿ, ಟ್ವಿನ್ಸ್ ಉತ್ತರ ಕೊಡುತ್ತವೆ. ಉತ್ತರವನ್ನು ನೀವು ಹೇಳಬೇಡಿ. ಎರಡು ನಿಮಿಷ ಸುಮ್ಮನಿದ್ದರೆ ಮಕ್ಕಳೇ ಪಟ್ಟಿ ಮಾಡುತ್ತಾರೆ.

ಮುಂದಿನದು ಸಂಧಿ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ನಮ್ಮ ಮಕ್ಕಳು ಕನ್ನಡ ಪಿರಿಯಡ್‌ನಲ್ಲಿ ಕಲಿತದ್ದನ್ನು ಇಂಗ್ಲಿಷ್ ಪಿರಿಯಡ್‌ಗೆ ತರಲು ಯಾರೂ ಹೇಳಿರುವುದಿಲ್ಲ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಉಕಾರ ಲೋಪವಾಗುವುದು ಅವರಿಗೆ ಗೊತ್ತು. ಹೋಪ್ ಪದಕ್ಕೆ ಇಂಗ್ ಸೇರಿದಾಗ ಕೊನೆಯ ಇ ಬಿದ್ದುಹೋಗುವುದೂ ಲೋಪವೇ. ಫುಲ್ ಸೇರಿ ಹೋಪ್‌ಫುಲ್ ಆದಾಗ ಇ ಹಾಗೆಯೇ ಉಳಿಯುತ್ತದೆ. ಸ್ವರ ಪರವಾದರೆ ಮಾತ್ರ ಲೋಪ ಎಂಬ ಸೂತ್ರ ಎರಡೂ ಕಡೆ ಒಂದೇ ಎಂದು ಕಂಡಾಗ ಮಕ್ಕಳ ಮುಖ ನೋಡಬೇಕು. ಹ್ಯಾಪಿ ಹೋಗಿ ಹ್ಯಾಪಿನೆಸ್ ಆಗುವಾಗ ವೈ ಜಾಗಕ್ಕೆ ಐ ಬರುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಂತೆ ಅದು ಆದೇಶ.

ಅಕ್ಷರ ಎಲ್ಲಿ ಇಮ್ಮಡಿಯಾಗುತ್ತದೆ, ಎಲ್ಲಿ ಇಲ್ಲ ಎಂಬುದು ಹೆಚ್ಚಿನವರು ಎಡವುವ ಜಾಗ. ಇದಕ್ಕೆ ಹಳಗನ್ನಡವನ್ನು ಕರೆಯಿರಿ. ಬೋರ್ಡಿನ ಒಂದು ಬದಿಗೆ ಕಲ್, ಕಣ್, ಪಲ್. ಇನ್ನೊಂದು ಬದಿಗೆ ಕಾಲ್, ಪಾಲ್, ಬಾಳ್ ಎಂದು ಬರೆಯಿರಿ. ಇವೆಲ್ಲ ಈಗ ಏನಾಗಿವೆ ಎಂದು ಕೇಳಿ. ಕಲ್ಲು, ಕಣ್ಣು, ಹಲ್ಲು. ಕಾಲು, ಹಾಲು, ಬಾಳು. ಹ್ರಸ್ವದ ಮುಂದೆ ಒತ್ತು ಬಂತು, ದೀರ್ಘದ ಮುಂದೆ ಬರಲಿಲ್ಲ. ಅದರ ಕೆಳಗೆ ಸಿಟ್ ಮತ್ತು ಸೀಟ್ ಬರೆದು ಇಂಗ್ ಸೇರಿಸಲು ಹೇಳಿ. ಸಿಟ್ಟಿಂಗ್‌ಗೆ ಎರಡು ಟಿ, ಸೀಟಿಂಗ್‌ಗೆ ಒಂದೇ. ರನ್ನಿಂಗ್, ರೀಡಿಂಗ್‌ಗಳನ್ನು ಅವರೇ ಬರೆಯುತ್ತಾರೆ. ಇದು ಒಂದೇ ಉಚ್ಚಾರಾಂಶದ ಪದಗಳ ಮಾತು. ಬಿಗಿನ್, ಓಪನ್‌ನಂಥವುಗಳಲ್ಲಿ ಒತ್ತಿ ಹೇಳುವುದು ಪದದ ಯಾವ ಭಾಗವನ್ನು ಎಂಬುದರ ಮೇಲೆ ಇಮ್ಮಡಿ ನಿಂತಿದೆ: ಬಿಗಿನ್ನಿಂಗ್‌ಗೆ ಎರಡು ಎನ್, ಓಪನಿಂಗ್‌ಗೆ ಒಂದು. ಆ ಒತ್ತು ನಮ್ಮ ಕಿವಿಗೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಅವುಗಳನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಪದದ ಮುಂಭಾಗಕ್ಕೂ ಸಂಧಿ ಉಂಟು. ಉತ್ ಮತ್ತು ಲಾಸ ಸೇರಿ ಉಲ್ಲಾಸವಾದಂತೆ ಇನ್ ಮತ್ತು ಲೀಗಲ್ ಸೇರಿ ಇಲ್ಲೀಗಲ್ ಆಗುತ್ತದೆ. ಎರಡು ಎಲ್ ಬಂದದ್ದು ಹಾಗೆ. ಅಕಾಮಡೇಷನ್ ಪದದಲ್ಲಿ ಎರಡು ಸಿ, ಎರಡು ಎಂ. ನಮ್ಮ ಊರಿನ ವಸತಿಗೃಹವೊಂದರ ಫಲಕದಲ್ಲಿ ಒಂದೇ ಎಂ ಇದೆ. ಲ್ಯಾಟಿನ್ನಿನ ಆಡ್, ಕಾಮ್, ಮೋಡುಸ್ ಎಂಬ ಮೂರು ತುಂಡುಗಳಾಗಿ ಅದನ್ನು ಒಡೆದು ತೋರಿಸಿದೆ. ಆಡ್‌ನ ಡಿ ಮುಂದಿನ ಸಿಗೆ ಶರಣಾಗಿ ತಾನೂ ಸಿ ಆಯಿತು. ಕಾಮ್‌ನ ಎಂ, ಮೋಡುಸ್‌ನ ಎಂ ಅಕ್ಕಪಕ್ಕ ನಿಂತವು. ಮರುದಿನ ಇಬ್ಬರು ಹುಡುಗರು ಫಲಕದ ತಪ್ಪನ್ನು ತಾವೇ ಕಂಡುಬಂದು ಹೇಳಿದರು.

ಇನ್ನು ಪದ ಎಲ್ಲಿಂದ ಬಂತು ಎಂಬ ಪ್ರಶ್ನೆ. ಸಿ-ಎಚ್ ಜೋಡಿಯನ್ನೇ ತೆಗೆದುಕೊಳ್ಳಿ. ಚೈಲ್ಡ್, ಚಿನ್ ಹಳೆಯ ಇಂಗ್ಲಿಷ್ ಮನೆಯವು, ಅಲ್ಲಿ ಅದು ಚ. ಸ್ಕೂಲ್, ಕೆಮಿಸ್ಟ್ರಿ, ಕೋರಸ್ ಪದಗಳ ಮೂಲ ಗ್ರೀಕ್, ಅಲ್ಲಿ ಕ. ಮೆಷೀನ್, ಪ್ಯಾರಾಷೂಟ್ ಬಂದದ್ದು ಫ್ರೆಂಚಿನಿಂದ, ಅಲ್ಲಿ ಶ. ನೋಟ್‌ಪುಸ್ತಕದ ಒಂದು ಪುಟದಲ್ಲಿ ಮೂರು ಕಾಲಂ ಎಳೆಸಿ, ಹೊಸ ಪದ ಸಿಕ್ಕಾಗಲೆಲ್ಲ ತುಂಬಿಸಲು ಹೇಳಿದರೆ ಸಾಕು.

ಡೆಟ್ ಪದದ ಬಿ ಕಥೆ ಬೇರೆ. ಫ್ರೆಂಚಿನಿಂದ ಬರುವಾಗ ಅದರಲ್ಲಿ ಬಿ ಇರಲಿಲ್ಲ. ಮೂಲ ಲ್ಯಾಟಿನ್ನಿನ ಡೆಬಿಟುಮ್ ನೆನಪಿಗಾಗಿ ಪಂಡಿತರು ಆಮೇಲೆ ಸೇರಿಸಿದರು. ಬ್ಯಾಂಕ್ ಪಾಸ್‌ಬುಕ್ ತರಿಸಿ ಡೆಬಿಟ್ ಕಾಲಂ ತೋರಿಸಿ.

ನೋ, ಅಂದರೆ ತಿಳಿ ಎಂಬ ಪದದ ಕೆ ಬಗ್ಗೆ ಒಂದಿಡೀ ಪಿರಿಯಡ್ ಕೊಡಿ. ಹಿಂದೆ ಇಂಗ್ಲಿಷರು ಆ ಕೆಯನ್ನು ಉಚ್ಚರಿಸುತ್ತಿದ್ದರು. ಗ್ರೀಕ್ ಮೂಲದ ಡಯಾಗ್ನೋಸಿಸ್‌ನಲ್ಲಿ ಅದೇ ಬೇರು ಗ್ನೋ ಆಗಿದೆ. ಆಮೇಲೆ ಬೋರ್ಡಿನ ಮೇಲೆ ಜ್ಞಾನ ಎಂದು ಬರೆದು ಓದಿಸಿ. ನಮ್ಮ ಮಕ್ಕಳು ಅದನ್ನು ಗ್ನಾನ ಎಂದೇ ಓದುತ್ತಾರೆ! ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಹುಟ್ಟಿರಬೇಕು ಎಂದು ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದನ್ನು ಅಂದೇ ತಿಳಿಸಿ. ಹಾಗಾದರೆ ಇಂಗ್ಲಿಷ್ ಸಂಸ್ಕೃತದಿಂದ ಬಂತೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ, ಎರಡೂ ಒಂದೇ ಕುಟುಂಬದವು, ತಾಯಿ–ಮಗಳಲ್ಲ ಎಂದು ಸ್ಪಷ್ಟವಾಗಿ ಹೇಳಿ. ಕನ್ನಡ ದ್ರಾವಿಡ ಕುಟುಂಬದ್ದು, ಜ್ಞಾನ ನಾವು ಪಡೆದ ತತ್ಸಮ ಎಂಬುದನ್ನೂ ಬಿಡಬೇಡಿ. ಧ್ವನಿ ಹೋಲಿತೆಂದು ಸಂಬಂಧ ಕಟ್ಟುವ ಆಸೆ ಮಕ್ಕಳಿಗಿಂತ ನಮಗೇ ಹೆಚ್ಚು. ನಿಘಂಟಿನಲ್ಲಿ ಪದಮೂಲ ನೋಡದೆ ಬೋರ್ಡಿನ ಮೇಲೆ ಏನನ್ನೂ ಬರೆಯಬೇಡಿ.

ಆ ರಜೆ ಅರ್ಜಿಯ ಹುಡುಗ ಹತ್ತನೇ ತರಗತಿಗೆ ಬಂದಾಗ ಗಣಿತ ಪುಸ್ತಕ ಹಿಡಿದು ಓಡಿಬಂದ. ತ್ರಿಕೋನಮಿತಿಯ ಪಾಠದಲ್ಲಿ ಎಸ್-ಐ-ಎನ್-ಇ ಎಂದೇ ಅಚ್ಚಾಗಿತ್ತು. ಇಬ್ಬರೂ ಕುಳಿತು ಹುಡುಕಿದೆವು. ನಮ್ಮ ಗಣಿತಜ್ಞರು ಬಿಲ್ಲಿನ ಹೆದೆ ಎಂಬರ್ಥದಲ್ಲಿ ಜ್ಯಾ, ಜೀವಾ ಎಂದದ್ದು ಅರಬ್ಬಿಯಲ್ಲಿ ಜೀಬ ಆಯಿತು. ಸ್ವರಚಿಹ್ನೆ ಇಲ್ಲದ ಬರಹದಲ್ಲಿ ಅದನ್ನು ಮಡಿಲು ಎಂಬರ್ಥದ ಜೈಬ್ ಎಂದು ಓದಿ, ಲ್ಯಾಟಿನ್ನಿಗೆ ಸಿನುಸ್ ಎಂದು ಅನುವಾದಿಸಿದರು. ಅದೇ ಈ ಸೈನ್. “ಇವನ ಮನೆಯಲ್ಲಿ ಯಾರಿಗೂ ಜಿ ಇಲ್ಲ” ಎಂದ ಹುಡುಗ, ಕೆಳಗಿನ ಸಾಲಿನ ಕೋಸೈನ್ ಪದದ ನಡುವೆ ಪೆನ್ಸಿಲಿನಿಂದ ಗೆರೆ ಎಳೆದು ಎರಡು ತುಂಡು ಮಾಡಿದ.