ಸಿಮ್ ರೂಟರ್ ಹೊಂದಿಸುವ ಮುನ್ನ ತಿಳಿದಿರಬೇಕಾದ ಪದಗಳು

ಫೈಬರ್ ಕೇಬಲ್ ತಲುಪದ ಮಲೆನಾಡಿನ ಒಂಟಿ ಮನೆಗಳಿಗೆ ಸಿಮ್ ಹಾಕುವ 4ಜಿ ರೂಟರ್ ದೊಡ್ಡ ಆಸರೆ. ನೆಟ್ ಬಾರದಿದ್ದಾಗ ಅಥವಾ ಬಂದರೂ ತೆವಳುತ್ತಿದ್ದಾಗ ಅದರ ಸೆಟ್ಟಿಂಗ್ಸ್ ಪುಟ ತೆರೆಯಲೇಬೇಕು. ಅಲ್ಲಿರುವ ಸಂಕ್ಷೇಪಾಕ್ಷರಗಳಲ್ಲಿ ಏಳೆಂಟು ಗೊತ್ತಿದ್ದರೆ ಸಾಕು, ಉಳಿದವನ್ನು ಮುಟ್ಟದಿರುವುದೇ ಲೇಸು.

ಮೊದಲು ಮೊಬೈಲನ್ನು ರೂಟರ್‌ನ ವೈಫೈಗೆ ಸೇರಿಸಿ, ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಎಂದು ಟೈಪ್ ಮಾಡಿ. ಯಾವುದೆಂಬುದು ರೂಟರ್‌ನ ಅಡಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಅಲ್ಲಿ ಕೇಳುವುದು ಅಡ್ಮಿನ್ ಪಾಸ್‌ವರ್ಡ್. ವೈಫೈ ಪಾಸ್‌ವರ್ಡ್ ಇದ್ದವರು ನೆಟ್ ಬಳಸಬಹುದು, ಅಡ್ಮಿನ್ ಪಾಸ್‌ವರ್ಡ್ ಇದ್ದವರು ರೂಟರನ್ನೇ ಆಳಬಹುದು. ಹಾಗಾಗಿ ಒಳಹೊಕ್ಕ ಕೂಡಲೇ ಅದನ್ನು ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಕಂಪನಿಗಳು ಕೊಟ್ಟ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡಿಯೇ.

ಸಿಮ್ ಗುರುತಿಸಿಯೂ ಡೇಟಾ ಹರಿಯದಿದ್ದರೆ ಎಪಿಎನ್ ನೋಡಿ. ಮೊಬೈಲ್ ಜಾಲದಿಂದ ಇಂಟರ್ನೆಟ್‌ಗೆ ದಾಟುವ ಬಾಗಿಲಿನ ಹೆಸರು ಅದು. ಜಿಯೊ ಸಿಮ್‌ಗೆ ಜಿಯೊನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ.

ಮುಂದಿನದು ಸಿಗ್ನಲ್. ಕಡ್ಡಿಗಳನ್ನು ಎಣಿಸುತ್ತ ಕೂರಬೇಡಿ, ಅವು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಆರ್‌ಎಸ್‌ಆರ್‌ಪಿ ಎಂಬ ಸಾಲನ್ನು ಹುಡುಕಿ. ಅದು ಟವರಿನಿಂದ ಬರುವ ಸಂಕೇತದ ಬಲ. ಅಳತೆ ಡಿಬಿಎಂನಲ್ಲಿ, ಅಂಕಿ ಯಾವಾಗಲೂ ಮೈನಸ್. -80ರ ಆಸುಪಾಸು ಸೊಗಸು, -100 ನಡೆದೀತು, -115ಕ್ಕೂ ಕೆಳಗಿಳಿದರೆ ಪಾಡು. 10ರಷ್ಟು ಏರಿದರೆ ಬಲ ಹತ್ತು ಪಟ್ಟು. ಅಂದರೆ ರೂಟರನ್ನು ದಪ್ಪ ಗೋಡೆಯ ನಡುಮನೆಯಿಂದ ಕಿಟಕಿಗೆ ಸರಿಸಿ -105 ಇದ್ದದ್ದನ್ನು -95 ಮಾಡಿಕೊಂಡರೆ ಅದೇನೂ ಸಣ್ಣ ಲಾಭವಲ್ಲ. ತಗಡಿನ ಮಾಡಿನ ಕೆಳಗಂತೂ ಇಡಲೇಬೇಡಿ.

ಬಲವಿದ್ದೂ ವೇಗವಿಲ್ಲವೇ? ಪಕ್ಕದ ಎಸ್‌ಐಎನ್‌ಆರ್ ನೋಡಿ. ಗದ್ದಲಕ್ಕಿಂತ ಸಂಕೇತ ಎಷ್ಟು ಮೇಲಿದೆ ಎಂಬುದನ್ನು ಅದು ಹೇಳುತ್ತದೆ. 20ರ ಮೇಲಿದ್ದರೆ ಅತ್ಯುತ್ತಮ, ಸೊನ್ನೆಗಿಂತ ಇಳಿದರೆ ವಿಡಿಯೊ ಕರೆ ಕಡಿಯುತ್ತದೆ. ಮನೆಯ ಒಂದೊಂದು ಮೂಲೆಯಲ್ಲೂ ರೂಟರ್ ಇಟ್ಟು, ಒಂದೆರಡು ನಿಮಿಷ ಕಾದು, ಎರಡೂ ಅಂಕಿ ಬರೆದುಕೊಳ್ಳಿ. ಬಲ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಎಸ್‌ಐಎನ್‌ಆರ್ ಹೆಚ್ಚಿರುವ ಮೂಲೆಯೇ ಗೆದ್ದಂತೆ. ಎರಡೂ ಚೆನ್ನಾಗಿದ್ದು ಸಂಜೆ ಮಾತ್ರ ನಿಧಾನವಾದರೆ ಟವರಿನ ಮೇಲೆ ಜನ ಹೆಚ್ಚಿರುವ ಸಾಧ್ಯತೆಯೇ ಹೆಚ್ಚು. ಬ್ಯಾಂಡ್, ಅಂದರೆ ಸಂಕೇತ ಸಾಗುವ ತರಂಗಗಳ ಪಟ್ಟಿ, ಆರಿಸಿಕೊಳ್ಳುವ ಅವಕಾಶವಿದ್ದರೆ ಆಗ ಬದಲಿಸಿ ನೋಡಿ. 850 ಮೆಗಾಹರ್ಟ್ಸ್‌ನ ಬ್ಯಾಂಡ್ 5 ಮರಗಿಡ ದಾಟಿ ದೂರ ಬರುತ್ತದೆ. 2300ರ ಬ್ಯಾಂಡ್ 40 ಹೆಚ್ಚು ಡೇಟಾ ಹೊರಬಲ್ಲದು, ಆದರೆ ಟವರ್ ಹತ್ತಿರವಿರಬೇಕು.

ಇನ್ನು ಭದ್ರತೆ. ವೈಫೈ ಸೆಟ್ಟಿಂಗ್ಸ್‌ನಲ್ಲಿ 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ಬೀಗದ ಪದ್ಧತಿ ಆರಿಸಿ. ಹಳೆಯ ಫೋನ್ ಸೇರದಿದ್ದರೆ ಡಬ್ಲ್ಯುಪಿಎ2 ಸಾಕು, ಅದಕ್ಕೂ ಹಳೆಯ ಡಬ್ಲ್ಯುಇಪಿ ಮಾತ್ರ ಬೇಡ. ಗುಂಡಿ ಅಥವಾ ಪಿನ್ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ಅನ್ನು ಆಫ್ ಮಾಡಿಬಿಡಿ. ಎಂಟಂಕಿಯ ಆ ಪಿನ್ ಅನ್ನು ರೂಟರ್ ಎರಡು ತುಂಡಾಗಿ ಪರೀಕ್ಷಿಸುವುದರಿಂದ ಸುಮಾರು 11,000 ಯತ್ನಗಳಲ್ಲಿ ಭೇದಿಸಬಹುದೆಂದು 2011ರಲ್ಲೇ ಬಯಲಾಗಿದೆ.

ನಿಮ್ಮ ನೆಟ್ ಸಂಚಾರವನ್ನು ಇನ್ನೊಂದು ಕಂಪನಿಯ ಸರ್ವರ್ ಮೂಲಕ ಹಾಯಿಸುವ ವಿಪಿಎನ್‌ನ ಜಾಹೀರಾತುಗಳಿಗೆ ಮರುಳಾಗಬೇಡಿ. ವಿಳಾಸದ ಮೊದಲಲ್ಲಿ ಎಚ್‌ಟಿಟಿಪಿಎಸ್ ಇರುವ ಬ್ಯಾಂಕ್ ತಾಣದ ಪಾಸ್‌ವರ್ಡ್ ಹಾದಿಯಲ್ಲೇ ಗೂಢಲಿಪಿಯಾಗಿರುತ್ತದೆ. ವಿಪಿಎನ್ ಹಾಕಿದರೆ ನೀವು ಭೇಟಿ ಕೊಡುವ ತಾಣಗಳ ಪಟ್ಟಿ ಸಿಮ್ ಕಂಪನಿಯ ಬದಲು ವಿಪಿಎನ್ ಕಂಪನಿಗೆ ಸಿಗುತ್ತದೆ, ಅಷ್ಟೆ. ಕಚೇರಿ ಕೇಳಿದರೆ ಬಳಸಿ.

ಕೊನೆಗೆ, ತೋಟದ ಕ್ಯಾಮೆರಾವನ್ನು ಬೆಂಗಳೂರಿನಿಂದ ನೋಡುವ ಆಸೆಯಿದ್ದವರು ವ್ಯಾನ್ ಐಪಿ, ಅಂದರೆ ಸಿಮ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ, ಗಮನಿಸಿ. ಅದು 10ರಿಂದ, ಇಲ್ಲವೇ 100.64ರಿಂದ 100.127ರವರೆಗಿನ ಅಂಕಿಯಿಂದ ಶುರುವಾದರೆ ನೀವು ಸಿಜಿನ್ಯಾಟ್‌ನ ಹಿಂದಿದ್ದೀರಿ: ಹೊರಗಿನ ಒಂದೇ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿದ್ದಾರೆ. ಹಾಗಿದ್ದಲ್ಲಿ ಹೊರಗಿನಿಂದ ಬಂದ ಸಂಪರ್ಕವನ್ನು ಕ್ಯಾಮೆರಾಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಜೊತೆ ಗುದ್ದಾಡಿ ಭಾನುವಾರ ಹಾಳುಮಾಡಿಕೊಳ್ಳದೆ, ಕ್ಲೌಡ್ ಆ್ಯಪ್ ಇರುವ ಕ್ಯಾಮೆರಾವನ್ನೇ ಕೊಳ್ಳಿ.