ಆಗುವುದಿಲ್ಲ ಎಂದರೆ ಬರೆದುಕೊಡಿ

ನಾಡಕಚೇರಿಯ ಕಿಟಕಿಯಲ್ಲಿ “ಇವರಿಗೆ ಪಿಂಚಣಿ ಬರುವುದಿಲ್ಲ” ಎಂಬ ಮಾತು ಕೇಳಿ ಹಿಂದಿರುಗಿದವರಿಗೆ ಮೇಲ್ಮನವಿಯ ದಾರಿಯೇ ಇಲ್ಲ. ಅರ್ಜಿಯೂ ದಾಖಲಾಗಿಲ್ಲ, ತಿರಸ್ಕಾರವೂ ಆಗಿಲ್ಲ. ಕಡತದ ಮಟ್ಟಿಗೆ ಅವರು ಅಲ್ಲಿಗೆ ಹೋಗಿಯೇ ಇಲ್ಲ. ಮೂಡಿಗೆರೆ ಸೀಮೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿ ಹಾಜರಿ, ಬಟವಾಡೆ ಬರೆಯುವ ನಾನು ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರ ಪಿಂಚಣಿ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಆಗಲಿ, ಬಿಡಲಿ, ಗೊತ್ತಾದ ದಿನದೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆಯ ಹದಿನೈದು ಅಂಕಿಗಳ ಜಿಎಸ್‌ಸಿ ಸಂಖ್ಯೆ, ಅಂದರೆ ಅರ್ಜಿಯ ಗುರುತಿನ ಸಂಖ್ಯೆ, ಇರುವ ರಸೀದಿ ಕೈಗೆ ಬರದೆ ನಾನು ಕಿಟಕಿ ಬಿಟ್ಟು ಕದಲುವುದಿಲ್ಲ. ಕೆಲಸ ಮುಗಿಯಬೇಕಾದ ದಿನಾಂಕ ಆ ರಸೀದಿಯಲ್ಲೇ ಅಚ್ಚಾಗಿರುತ್ತದೆ.

ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯದ ಪಿಂಚಣಿ 65 ದಾಟಿದವರಿಗೆ, ತಿಂಗಳಿಗೆ 1,200 ರೂಪಾಯಿ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಆದಾಯ ಪತ್ರ ಹೊಂದಿಸುವುದು ಕಷ್ಟವೇನಲ್ಲ. ತಲೆನೋವು ಇರುವುದು ವಾರ್ಷಿಕ ಆದಾಯದ 32,000 ರೂಪಾಯಿ ಮಿತಿಯಲ್ಲಿ. ದಿನಗೂಲಿ ನಾನೂರು ಎಂದು ಹಿಡಿದರೂ ಎಂಬತ್ತು ದಿನ ದುಡಿದರೆ ಮಿತಿ ತುಂಬಿಹೋಗುತ್ತದೆ. ಕೊಯ್ಲಿನ ಒಂದು ಹಂಗಾಮು ಸಾಕು. ಇದನ್ನು ನಿಗದಿ ಮಾಡಿದವರು ಬಟವಾಡೆ ಪುಸ್ತಕ ಬರೆದವರಲ್ಲ ಎನ್ನುವುದು ಖಚಿತ. ಹಾಗಾಗಿ ದುಡಿಮೆ ಪೂರ್ತಿ ಬಿಟ್ಟವರ ಅರ್ಜಿಗಳನ್ನೇ ನಾನು ಮೊದಲು ಕೈಗೆತ್ತಿಕೊಳ್ಳುತ್ತೇನೆ.

ಅಂಥ ಒಬ್ಬ ಅಜ್ಜಿಯ ಅರ್ಜಿ ತಿರಸ್ಕೃತವಾಯಿತು. ಗಂಡ ಹಾಸಿಗೆ ಹಿಡಿದಿದ್ದರು, ಮಗ ಮಂಗಳೂರು ಸೇರಿ ಹತ್ತಿರ ಸುಳಿಯುತ್ತಿರಲಿಲ್ಲ. ತಿರಸ್ಕಾರಕ್ಕೆ ಕೊಟ್ಟ ಕಾರಣ ಒಂದೇ ಸಾಲು: “ಅರ್ಜಿದಾರರು ಇತರೆ ಪಿಂಚಣಿ ಪಡೆಯುತ್ತಿರುತ್ತಾರೆ.” ಬೇರೆ ಪಿಂಚಣಿ ಇರುವವರಿಗೆ ಸಂಧ್ಯಾ ಸುರಕ್ಷಾ ಸಿಗದು ಎಂಬುದು ನಿಯಮವೇ. ಆದರೆ ಅಜ್ಜಿಗೆ ಎಲ್ಲಿಯ ಪಿಂಚಣಿ? ವಿಚಾರಿಸಿದಾಗ ಗೊತ್ತಾಯಿತು, ಸ್ಥಳ ತನಿಖೆಗೆ ಬಂದವರು “ಪಿಎಫ್ ಇತ್ತೇ?” ಎಂದು ಕೇಳಿದ್ದರು. “ಹೌದು ಸ್ವಾಮಿ, ಹಿಡಿಯುತ್ತಿದ್ದರು” ಎಂದು ಅಜ್ಜಿ ಇದ್ದದ್ದನ್ನು ಇದ್ದಂತೆ ಹೇಳಿದ್ದರು. ವರದಿಯಲ್ಲಿ ಹಿಡಿದ ಪಿಎಫ್, ಬರುವ ಪಿಂಚಣಿಯಾಗಿ ಕೂತಿತ್ತು.

ತೋಟದವರ ಅರ್ಜಿಗಳಲ್ಲಿ ಈ ಗೊಂದಲ ಹೊಸದಲ್ಲ. ಕೂಲಿಯಿಂದ ಪಿಎಫ್ ಕಡಿತವಾದ ಮಾತ್ರಕ್ಕೆ ಪಿಂಚಣಿ ಬರುವುದಿಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು; ಅದಕ್ಕಿಂತ ಕಡಿಮೆಯಾದರೆ ನಮೂನೆ 10ಸಿ ತುಂಬಿ ಇಡುಗಂಟನ್ನು ಹಿಂಪಡೆಯಬಹುದು, ಅಷ್ಟೆ. ಅಜ್ಜಿ ದುಡಿದದ್ದು ಮೂರು ತೋಟಗಳಲ್ಲಿ. ಮೂರು ಕಡೆ ಮೂರು ಪಿಎಫ್ ಸಂಖ್ಯೆ, ಒಂದರ ಸೇವೆಯೂ ಇನ್ನೊಂದಕ್ಕೆ ಸೇರಿರಲಿಲ್ಲ. ಎಲ್ಲವೂ 2014ರಲ್ಲಿ ಯುಎಎನ್, ಅಂದರೆ ಒಬ್ಬರ ಎಲ್ಲ ಪಿಎಫ್ ಖಾತೆಗಳಿಗೂ ಒಂದೇ ಸಂಖ್ಯೆ, ಬರುವುದಕ್ಕೆ ಮುಂಚಿನ ಖಾತೆಗಳಾದ್ದರಿಂದ ಮೊಬೈಲಿನಲ್ಲಿ ನೋಡುವ ಹಾಗೂ ಇರಲಿಲ್ಲ. ಎರಡು ಸಂಖ್ಯೆಗಳು ಅವರ ತಗಡಿನ ಟ್ರಂಕಿನಲ್ಲಿ, ಮಗನ ಅಂಕಪಟ್ಟಿಯೊಳಗೆ ಮಡಿಸಿಟ್ಟ ಚೀಟಿಗಳಲ್ಲಿ ಸಿಕ್ಕವು. ಮೂರನೆಯದನ್ನು ಹಳೆಯ ತೋಟದ ರೈಟರ್ ರಿಜಿಸ್ಟರ್ ತಿರುವಿ ಕೊಟ್ಟರು. ರೈಟರ್‌ಗಳ ನಡುವೆ ಇಷ್ಟಾದರೂ ದಾಕ್ಷಿಣ್ಯ ಉಳಿದಿದೆ.

ಇನ್ನು ಪಿಂಚಣಿ ಬರುತ್ತಿಲ್ಲ ಎಂದು ಸಾಬೀತು ಮಾಡಬೇಕಿತ್ತು. ಇಲ್ಲದ್ದಕ್ಕೆ ಯಾರು ಪ್ರಮಾಣಪತ್ರ ಕೊಡುತ್ತಾರೆ? ಮೂರೂ ಸಂಖ್ಯೆಗಳನ್ನು ನಮೂದಿಸಿ, “ಇವುಗಳ ಮೇಲೆ ಯಾವುದಾದರೂ ಪಿಂಚಣಿ ಮಂಜೂರಾಗಿದೆಯೇ?” ಎಂದು ಪಿಎಫ್ ಕಚೇರಿಗೆ ಅಜ್ಜಿಯ ಹೆಸರಿನಲ್ಲಿಯೇ ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿದೆ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಹತ್ತು ರೂಪಾಯಿ ಶುಲ್ಕವೂ ಇಲ್ಲ.

ಉತ್ತರಕ್ಕೆ ಮೂವತ್ತು ದಿನದ ಕಾಲಾವಕಾಶ. ಸಕಾಲದ ಮೊದಲ ಮೇಲ್ಮನವಿಗೂ, ತಿರಸ್ಕಾರವಾದಂದಿನಿಂದ ಮೂವತ್ತೇ ದಿನ. ಉತ್ತರ ಬರಲಿ ಎಂದು ಕಾದು ಕುಳಿತರೆ ಮೇಲ್ಮನವಿಯ ವಾಯಿದೆ ಮುಗಿಯುತ್ತದೆ. ಆದ್ದರಿಂದ ಚಿಕ್ಕಮಗಳೂರಿನ ಉಪವಿಭಾಗಾಧಿಕಾರಿಗಳಿಗೆ ಮನವಿಯನ್ನು ಮೊದಲೇ ಬರೆದೆ. ಬಡತನದ ವರ್ಣನೆಗೆ ಅದರಲ್ಲಿ ಜಾಗ ಕೊಡಲಿಲ್ಲ. ಜಿಎಸ್‌ಸಿ ಸಂಖ್ಯೆ, ತಿರಸ್ಕಾರದ ದಿನಾಂಕ, ಕೊಟ್ಟ ಕಾರಣ, ಅದರ ಕೆಳಗೆ ಹೀಗೆ: “ನನಗೆ ಯಾವುದೇ ಮೂಲದಿಂದ ಪಿಂಚಣಿ ಬರುತ್ತಿರುವುದಿಲ್ಲ. ಪಡೆಯುತ್ತಿದ್ದೇನೆ ಎನ್ನುವುದಕ್ಕೆ ವರದಿಯಲ್ಲಿ ಆಧಾರವೇನೆಂದು ತಿಳಿಸಿರುವುದಿಲ್ಲ. ಪಾಸ್‌ಬುಕ್ ಪ್ರತಿ ಲಗತ್ತಿಸಿದೆ. ಪಿಎಫ್ ಕಚೇರಿಯ ಉತ್ತರ ಬಂದ ಕೂಡಲೇ ಸಲ್ಲಿಸಲು ಅವಕಾಶ ಕೋರುತ್ತೇನೆ.” ಮಾಹಿತಿ ಹಕ್ಕು ಅರ್ಜಿಯ ಅಂಚೆ ರಸೀದಿಯನ್ನೂ ಜೊತೆಗಿಟ್ಟು, ನಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆ. ಮೊಹರು ಹಾಕಲು ಗುಮಾಸ್ತರು ಮುಖ ಸಿಂಡರಿಸಿದರು, ಸಿಂಡರಿಸಲಿ.

ಅರ್ಜಿ ತಿರಸ್ಕಾರವಾಗದೆ ಸುಮ್ಮನೆ ಕೊಳೆಯುತ್ತಿದ್ದರೆ ಬೇರೆ ವರಸೆ. ರಸೀದಿಯ ದಿನಾಂಕ ದಾಟಿದ ಮೇಲೆ ವಿಳಂಬಕ್ಕೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ, ಗರಿಷ್ಠ ಐನೂರರವರೆಗೆ ಪರಿಹಾರ ಕೇಳಬಹುದು, ಅದನ್ನು ಹೊಣೆಗಾರ ನೌಕರರಿಂದಲೇ ವಸೂಲು ಮಾಡುತ್ತಾರೆ. ಆ ಹಣದ ಮೇಲೆ ನನಗೆ ಆಸೆಯಿಲ್ಲ. ಆದರೂ ಮನವಿಯಲ್ಲಿ ಆ ಸಾಲು ಬರೆಯುವುದನ್ನು ಬಿಡುವುದಿಲ್ಲ. ಕಡತ ಅಲುಗಾಡುವುದು ಅಲ್ಲಿಂದಲೇ.

ಪಿಎಫ್ ಕಚೇರಿಯಿಂದ ಬಂದ ಉತ್ತರ ಎರಡೇ ವಾಕ್ಯ: ಪಿಂಚಣಿ ಮಂಜೂರಾಗಿಲ್ಲ, ಒಂದು ಖಾತೆಯ ಹಣ ಹಿಂದೆಯೇ ಪಾವತಿಯಾಗಿದೆ. ವಿಚಾರಣೆಯ ದಿನ ಅದನ್ನು ಒಪ್ಪಿಸಿದೆವು. ಅಜ್ಜಿಯನ್ನು ಕೇಳಿದ್ದು ಒಂದೇ ಪ್ರಶ್ನೆ, ಈಗ ಖರ್ಚಿಗೆ ಏನು ಮಾಡುತ್ತೀರಿ ಎಂದು. ಅವರು ಸೊಸೈಟಿ ಅಕ್ಕಿಯ ಲೆಕ್ಕ ಹೇಳತೊಡಗಿದರು. ತಿರಸ್ಕಾರ ರದ್ದಾಗಿ ಮರುಪರಿಶೀಲನೆಗೆ ಆದೇಶವಾಯಿತು, ಮುಂದೆ ಮಂಜೂರಾತಿಯೂ ಬಂತು.

ಮಂಜೂರಾತಿ ಬಂದರೂ ಪಾಸ್‌ಬುಕ್‌ನಲ್ಲಿ ಹಣ ಕಾಣಲಿಲ್ಲ. ಇಲ್ಲಿ ಮೇಲ್ಮನವಿಗೆ ಕೆಲಸವಿಲ್ಲ, ಖಾತೆ ಹುಡುಕಬೇಕು. ನೇರ ನಗದು ವರ್ಗಾವಣೆಯ ಹಣ ಆಧಾರ್‌ಗೆ ಕಡೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ, ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗಬೇಕೆಂದೇನೂ ಇಲ್ಲ. ಅಜ್ಜಿಗೆ ಹಿಂದೊಮ್ಮೆ ಅಂಚೆಯವರು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದುಕೊಟ್ಟಿದ್ದರು, ಅದು ಅವರಿಗೆ ಮರೆತೇಹೋಗಿತ್ತು. ಹಣ ಅಲ್ಲಿ ಜಮೆಯಾಗುತ್ತಿತ್ತು. ಈಗ ಅಂಚೆಯವರೇ ಯಂತ್ರ ಹಿಡಿದು ಲೈನಿಗೆ ಬಂದು, ಬೆರಳೊತ್ತಿಸಿಕೊಂಡು ಕೊಟ್ಟುಹೋಗುತ್ತಾರೆ. ಗಂಡನ ಅರ್ಜಿಯನ್ನು ಹಾಕುವಾಗ ಆದಾಯ ಪತ್ರದ ಜೊತೆಗೆ ಅವರ ಪಿಎಫ್ ಸಂಖ್ಯೆಗಳ ಮಾಹಿತಿಯನ್ನೂ ಮೊದಲೇ ತರಿಸಿ ಲಗತ್ತಿಸಿದೆ.