ಕಾಸ್ಟಿಕ್ ಕ್ಲೀನರ್ ಕ್ಯಾನಿನಲ್ಲಿ ಒಡೆಯದಂತೆ ತಯಾರಿಸುವುದು ಹೇಗೆ?

ಬೆಣ್ಣೆ ದೋಸೆ ಹೋಟೆಲಿನ ಒಲೆಯ ಮೇಲಿನ ಹೊಗೆಗೂಡನ್ನು ಒಮ್ಮೆ ಮುಟ್ಟಿ ನೋಡಿ. ಬೆರಳಿಗೆ ಅಂಟುವ ಆ ಕಂದು ಜಿಡ್ಡು ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಜಗ್ಗುವುದಿಲ್ಲ. ಬೆಣ್ಣೆ, ಎಣ್ಣೆಯ ಹಬೆ ಕುಳಿತು, ಬಿಸಿಗೆ ಬೆಂದು ವಾರ್ನಿಷ್‌ನಂತೆ ಗಟ್ಟಿಯಾಗಿರುತ್ತದೆ. ಅದನ್ನು ಕೀಳಲು ಕಾಸ್ಟಿಕ್ ಸೋಡಾ ಬೇಕು. ಆ ಕಾಸ್ಟಿಕ್ ಜಿಡ್ಡಿನೊಳಗೆ ಇಳಿಯಬೇಕಾದರೆ ಜೊತೆಗೆ ಸರ್ಫ್ಯಾಕ್ಟೆಂಟ್, ಅಂದರೆ ನೊರೆ ಬರಿಸಿ ಜಿಡ್ಡು ನೆನೆಸುವ ಅಂಶವೂ ಬೇಕು.

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಇಂಥ ಕ್ಲೀನರ್ ಮಾಡಹೊರಟ ಸಣ್ಣ ಘಟಕ ಮೊದಲು ಎಡವುವುದು ಇಲ್ಲೇ. ತಯಾರಿಸಿದ ದಿನ ತಿಳಿಯಾಗಿದ್ದ ದ್ರಾವಣ ವಾರ ಕಳೆಯುವಷ್ಟರಲ್ಲಿ ಎರಡಾಗುತ್ತದೆ: ಮೇಲೆ ಎರಡು ಬೆರಳು ದಪ್ಪ ಹಳದಿ ಪದರ, ಕೆಳಗೆ ನೀರಿನಂಥ ಕಾಸ್ಟಿಕ್. ಕುಲುಕಿದರೆ ಕೂಡುತ್ತದೆ, ಸಂಜೆಗೆ ಮತ್ತೆ ಬೇರೆಯಾಗುತ್ತದೆ. ಮೊದಲ ಮಗ್ಗಿಗೆ ಬರೀ ನೊರೆ, ಕೊನೆಯ ಮಗ್ಗಿಗೆ ಬರೀ ಕಾಸ್ಟಿಕ್.

ಒಡೆಯುವುದೇಕೆ?

ಸೋಪು ಕುದಿಸುವವರು ಕೊನೆಗೆ ಉಪ್ಪು ಹಾಕಿ ಸೋಪನ್ನು ಮೇಲೆಬ್ಬಿಸುತ್ತಾರಲ್ಲ, ಅದೇ ಕಥೆ. ಕಾಸ್ಟಿಕ್ ಕೂಡ ಉಪ್ಪಿನಂತೆಯೇ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಸರ್ಫ್ಯಾಕ್ಟೆಂಟ್ ಕರಗಿರಲು ನೀರು ಸಾಲದೆ ಹೊರಬೀಳುತ್ತದೆ. ಆಸಿಡ್ ಸ್ಲರಿಯಿಂದ (ಡಿಟರ್ಜೆಂಟ್ ಮಾಡಲು ಬಳಸುವ ಮಂದ ಆಮ್ಲ) ಮಾಡಿದ ಮಾಲು, ಶಾಂಪೂವಿಗೆ ನೊರೆಗೆಂದು ಹಾಕುವ ಎಸ್‌ಎಲ್‌ಇಎಸ್ ಎರಡೂ ಹೀಗೆ ಕೆನೆಗಟ್ಟುತ್ತವೆ. ಎನ್‌ಪಿ-9 ಥರದ ಸರ್ಫ್ಯಾಕ್ಟೆಂಟ್‌ಗಳಿಗೆ ಇನ್ನೊಂದು ಕಾಟವಿದೆ. ಬರೀ ನೀರಿನಲ್ಲಿ ಅದರ 1% ದ್ರಾವಣ ಸುಮಾರು 55 ಡಿಗ್ರಿಗೆ ಮಬ್ಬಾಗುತ್ತದೆ. ಕಾಸ್ಟಿಕ್ ಸೇರಿದಂತೆಲ್ಲ ಆ ಮಬ್ಬಿನ ಮಟ್ಟ ಇಳಿಯುತ್ತಾ ಬಂದು, 10% ಮುಟ್ಟುವಷ್ಟರಲ್ಲಿ ಕೋಣೆಯ ಶಾಖದಲ್ಲೇ ಹಾಲಿನಂತಾಗುತ್ತದೆ.

ಬಟ್ಟೆ ಗಿರಣಿಗಳಲ್ಲಿ ಮರ್ಸರೈಸಿಂಗ್, ಅಂದರೆ ಹತ್ತಿ ಬಟ್ಟೆಯನ್ನು ಕಾಸ್ಟಿಕ್‌ನಲ್ಲಿ ಅದ್ದಿ ಹೊಳಪು ಬರಿಸುವ ಕೆಲಸ, ಮಾಡುವವರಿಗೂ ಇದೇ ತಲೆನೋವು. ಅಲ್ಲಿ ಕಾಸ್ಟಿಕ್ 20% ದಾಟುವುದರಿಂದ ಇಂಗಾಲದ ಉದ್ದ ಸರಪಳಿಯಿರುವ ಸರ್ಫ್ಯಾಕ್ಟೆಂಟ್ ನಡೆಯುವುದಿಲ್ಲ, ಗಿಡ್ಡ ಸರಪಳಿಯದನ್ನೇ ಬಳಸುತ್ತಾರೆ. ನಮ್ಮ ಕ್ಲೀನರಿಗೂ ಅದೇ ದಾರಿ.

ಬೇಕಾದ ಸಾಮಾನು (10 ಕೆ.ಜಿ.ಗೆ)

ನೀರು 7.6 ಕೆ.ಜಿ., ಸೋಡಿಯಂ ಗ್ಲುಕೋನೇಟ್ (ನೀರಿನ ಗಡಸುತನವನ್ನು ಹಿಡಿದಿಡುವ ಪುಡಿ) 200 ಗ್ರಾಂ, ಕಾಸ್ಟಿಕ್ ಫ್ಲೇಕ್ಸ್ 1 ಕೆ.ಜಿ., 40% ಸೋಡಿಯಂ ಕ್ಸೈಲೀನ್ ಸಲ್ಫೋನೇಟ್ 800 ಗ್ರಾಂ, ಸಿ8-10 ಎಪಿಜಿ 400 ಗ್ರಾಂ. ಎಪಿಜಿ ಎಂದರೆ ಅಲ್ಕೈಲ್ ಪಾಲಿಗ್ಲುಕೋಸೈಡ್, ಕಾಸ್ಟಿಕ್ ತಾಳುವ ಸರ್ಫ್ಯಾಕ್ಟೆಂಟ್; ಸಿ8-10 ಎಂಬುದು ಸರಪಳಿಯಲ್ಲಿನ ಇಂಗಾಲದ ಲೆಕ್ಕ. ಎಪಿಜಿ ಕೊಳ್ಳುವಾಗ ಸಿ12-14 ಕೊಟ್ಟರೆ ಬೇಡ ಎನ್ನಿ. ಅದರ ಸರಪಳಿ ಉದ್ದ, ಕಾಸ್ಟಿಕ್‌ನಲ್ಲಿ ಅಷ್ಟು ಬಾಳುವುದಿಲ್ಲ.

ಕ್ಸೈಲೀನ್ ಸಲ್ಫೋನೇಟ್ ಸ್ವತಃ ಜಿಡ್ಡು ತೆಗೆಯುವುದಿಲ್ಲ, ಕೂಡಿಸುವ ದಲ್ಲಾಳಿ ಅಷ್ಟೇ. ಸರ್ಫ್ಯಾಕ್ಟೆಂಟ್ ಕಣಗಳು ಒತ್ತೊತ್ತಾಗಿ ಪದರ ಕಟ್ಟದಂತೆ ನಡುವೆ ನುಸುಳಿ ನಿಲ್ಲುತ್ತದೆ. ಇಂಥವಕ್ಕೆ ಹೈಡ್ರೋಟ್ರೋಪ್ ಎನ್ನುತ್ತಾರೆ. ರಸಾಯನಶಾಸ್ತ್ರಜ್ಞ ಕಾರ್ಲ್ ನ್ಯೂಬರ್ಗ್ 1916ರಲ್ಲಿ ಈ ಗುಣವನ್ನು ಗುರುತಿಸಿದ. ಕಾಸ್ಟಿಕ್ ಹೆಚ್ಚಾದಷ್ಟೂ ಇದೊಂದರಿಂದಲೇ ಕೆಲಸ ಆಗುವುದಿಲ್ಲ, ಎಪಿಜಿ ಅಥವಾ ಫಾಸ್ಫೇಟ್ ಎಸ್ಟರ್ ಎಂಬ ಸರ್ಫ್ಯಾಕ್ಟೆಂಟ್ ಜೊತೆಗಿರಬೇಕು.

ಮಾಡುವ ಕ್ರಮ

1. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಡ್ರಮ್ ಅಥವಾ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಅಲ್ಯುಮಿನಿಯಂ ಬೇಡವೇ ಬೇಡ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಕಣ್ಣಿಗೆ ಗಾಗಲ್ಸ್, ಕೈಗೆ ಉದ್ದನೆಯ ರಬ್ಬರ್ ಗ್ಲೌಸ್ ಇರಲಿ.

2. ನೀರಿಗೆ ಮೊದಲು ಗ್ಲುಕೋನೇಟ್ ಹಾಕಿ ಕರಗಿಸಿ. ಬೋರ್‌ವೆಲ್ ನೀರಾದರೆ ಇದನ್ನು ಬಿಡಲೇಬಾರದು.

3. ಫ್ಲೇಕ್ಸನ್ನು ಹಿಡಿ ಹಿಡಿಯಾಗಿ ನೀರಿಗೆ ಹಾಕುತ್ತಾ ತಿರುವಿ. ಫ್ಲೇಕ್ಸ್ ಮೇಲೆ ನೀರು ಸುರಿಯಬೇಡಿ, ಕುದಿದು ಮುಖಕ್ಕೆ ಸಿಡಿಯುತ್ತದೆ. ಈ ಪ್ರಮಾಣಕ್ಕೆ ಶಾಖ 25ರಿಂದ 30 ಡಿಗ್ರಿ ಏರುತ್ತದೆ. 20% ಮಾಡಹೊರಟರೆ ಸುಮಾರು 60 ಡಿಗ್ರಿ.

4. ಡ್ರಮ್ಮಿನ ಹೊರಮೈ ಕೈಗೆ ಬೆಚ್ಚಗೆ ಎನಿಸುವಷ್ಟು ತಣಿಯಲು ಬಿಡಿ. ಈ ಕಾಯುವಿಕೆಯನ್ನೇ ಹೆಚ್ಚಿನವರು ತಪ್ಪಿಸುವುದು.

5. ಕ್ಸೈಲೀನ್ ಸಲ್ಫೋನೇಟ್ ಹಾಕಿ ಕೂಡಿಸಿ, ಕಟ್ಟಕಡೆಗೆ ಎಪಿಜಿಯನ್ನು ಸಣ್ಣ ಧಾರೆಯಾಗಿ ಬಿಡಿ. ನೊರೆ ಏಳದಂತೆ ನಿಧಾನ ತಿರುವಿ.

ಆಸಿಡ್ ಸ್ಲರಿ ಸೇರಿಸಲೇಬೇಕೆಂದರೆ ನೇರವಾಗಿ ಡ್ರಮ್ಮಿಗೆ ಸುರಿಯಬೇಡಿ. ಬಿದ್ದಲ್ಲೇ ಗಂಟು ಕಟ್ಟುತ್ತದೆ. ಬೇರೆ ಬಕೆಟ್ಟಿನಲ್ಲಿ ನೀರು ಮತ್ತು ಸ್ವಲ್ಪವೇ ಕಾಸ್ಟಿಕ್ ಇಟ್ಟು ನ್ಯೂಟ್ರಲ್ ಮಾಡಿಕೊಂಡು, ಆಮೇಲೆ ಸೇರಿಸಿ.

ಅಳತೆ ನಿಮ್ಮದೇ ಆಗಲಿ

ಮೇಲಿನ ಅಳತೆ ಶುರು ಮಾಡಲಿಕ್ಕೆ ಮಾತ್ರ. ಒಂದೊಂದು ಅಂಗಡಿಯ ಎಪಿಜಿಯಲ್ಲಿ ಒಂದೊಂದು ಸಾಂದ್ರತೆ, 50%ರಿಂದ 70%ವರೆಗೂ ಇರುತ್ತದೆ. ಹಾಗಾಗಿ ಡ್ರಮ್ಮಿಗಿಂತ ಮೊದಲು 100 ಗ್ರಾಂ ಮಾಡಿ ನೋಡಿ. ಕ್ಸೈಲೀನ್ ಸಲ್ಫೋನೇಟ್ ಇಲ್ಲದೆಯೇ ಉಳಿದದ್ದೆಲ್ಲ ಕೂಡಿಸಿ. ಮಬ್ಬಾಗಿದ್ದರೆ ಅರ್ಧರ್ಧ ಗ್ರಾಂ ಹಾಕುತ್ತಾ ಬನ್ನಿ. ಗ್ಲಾಸಿನ ಹಿಂದೆ ಹಿಡಿದ ಪತ್ರಿಕೆಯ ಅಕ್ಷರ ಓದಲು ಬರುವಷ್ಟು ತಿಳಿಯಾದ ಕ್ಷಣ ನಿಲ್ಲಿಸಿ, ತೂಕ ಬರೆದಿಟ್ಟುಕೊಳ್ಳಿ. ಅದರ ಮೇಲೆ ಕಾಲು ಪಾಲು ಹೆಚ್ಚು ಹಾಕಿದರೆ ಅದೇ ನಿಮ್ಮ ಅಳತೆ.

ಆ ಗ್ಲಾಸನ್ನು 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಡಿ. ಏಪ್ರಿಲ್ ತಿಂಗಳಲ್ಲಿ ತಗಡಿನ ಗೋದಾಮಿನೊಳಗೆ ಕ್ಯಾನು ಎಷ್ಟು ಕಾಯುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಇನ್ನೊಂದು ಸ್ಯಾಂಪಲನ್ನು ಒಂದು ರಾತ್ರಿ 5 ಡಿಗ್ರಿಯಲ್ಲಿಡಿ, ಆದರೆ ಮನೆಯ ಫ್ರಿಜ್‌ನಲ್ಲಿ ಬೇಡ, ಐಸ್ ಡಬ್ಬಿಯಲ್ಲಿ. ಎರಡೂ ಕಡೆ ತಿಳಿಯಾಗಿದ್ದರೆ ಮಾತ್ರ ಡ್ರಮ್ಮಿಗೆ ಕೈ ಹಾಕಿ.

ಕೆಟ್ಟಿದ್ದು ಏನೆಂದು ತಿಳಿಯುವುದು

ತಳದಲ್ಲಿ ಬಿಳಿ ಪುಡಿ ಕೂತಿದ್ದರೆ ತಪ್ಪು ನೀರಿನದು: ಗಡಸು ನೀರಿನ ಮೆಗ್ನೀಸಿಯಂ, ಕ್ಯಾಲ್ಸಿಯಂ ಹೊರಬಿದ್ದಿವೆ. ಗ್ಲುಕೋನೇಟ್ ಹೆಚ್ಚಿಸಿ ಅಥವಾ ಆರ್‌ಒ ನೀರು ಬಳಸಿ. ಮೇಲೆ ಎಣ್ಣೆಯಂಥ ಪದರ ನಿಂತಿದ್ದರೆ ಹೈಡ್ರೋಟ್ರೋಪ್ ಸಾಲದು. ಮಧ್ಯಾಹ್ನ ಮಬ್ಬಾಗಿ ಬೆಳಿಗ್ಗೆ ತಾನೇ ತಿಳಿಯಾದರೆ ಅದು ಮಬ್ಬಿನ ಮಟ್ಟದ ಸಮಸ್ಯೆ, ಎನ್‌ಪಿ-9 ಥರದ್ದೇನಾದರೂ ಸೇರಿದ್ದರೆ ಬದಲಿಸಿ.

ಮಂದ ಮಾಡಲೆಂದು ಡಿಶ್‌ವಾಶ್‌ಗೆ ಹಾಕುವಂತೆ ಉಪ್ಪು ಹಾಕುವವರಿದ್ದಾರೆ. ಇಲ್ಲಿ ಅದು ಒಡೆದ ಹಾಲಿಗೆ ಹುಳಿ ಹಿಂಡಿದಂತೆ. ಪೈನ್ ಆಯಿಲ್, ಸುವಾಸನೆ ಸೇರಿಸಿದರೂ ಪದರ ನಿಲ್ಲುತ್ತದೆ. ಕಾಸ್ಟಿಕ್ ಸೋಡಾ ಬದಲು ಕಾಸ್ಟಿಕ್ ಪೊಟ್ಯಾಶ್ ಬಳಸಿದರೆ ಸರ್ಫ್ಯಾಕ್ಟೆಂಟ್ ಕರಗಿರುವುದು ಸುಲಭ. 1 ಕೆ.ಜಿ. ಫ್ಲೇಕ್ಸ್ ಜಾಗಕ್ಕೆ 90%ದ ಕಾಸ್ಟಿಕ್ ಪೊಟ್ಯಾಶ್ ಸುಮಾರು 1.5 ಕೆ.ಜಿ. ಬೇಕು, ಖರ್ಚು ಹೆಚ್ಚು.

ಹೋಟೆಲಿನವರು ಹೇಗಿದ್ದರೂ ಹತ್ತು ಪಟ್ಟು ನೀರು ಬೆರೆಸುವುದಾದರೆ ಕಾಸ್ಟಿಕ್ಕನ್ನೇ 5%ಕ್ಕೆ ಇಳಿಸುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಹೊಗೆಗೂಡಿನ ಫಿಲ್ಟರ್ ಅಲ್ಯುಮಿನಿಯಂನದಾದರೆ ಈ ಕ್ಲೀನರ್ ಕೊಡಲೇಬೇಡಿ, ಕಪ್ಪಾಗಿ ತೂತು ಬೀಳುತ್ತದೆ. ದೋಸೆ ಹಂಚಿಗೂ ಬೇಡ, ವರ್ಷಗಟ್ಟಲೆ ಪಳಗಿದ ಎಣ್ಣೆಯ ಪದರವೇ ಎದ್ದು ಬರುತ್ತದೆ. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ತುಂಬಿಸಲು ಕುಡಿಯುವ ನೀರಿನ ಹಳೇ ಬಾಟಲಿಗಳನ್ನು ಎಂದೂ ಬಳಸಬೇಡಿ.